ಬಿಳಿ ಐದು, ಕರಿ ನಾಲ್ಕರ ನಡುವೆ

ಪೆಟ್ಟಿಗೆ ಬೇಡ ಎಂದು ಮೇಡಂ ಹೇಳಿದ ದಿನ ನಾನು ಕೈಲಿದ್ದ ಮಂಡಕ್ಕಿ ತಟ್ಟೆಯನ್ನು ನೆಲಕ್ಕಿಟ್ಟು ಎದ್ದು ಬಂದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಮದುವೆಯಾದಾಗಿನಿಂದ ಹೇಳುತ್ತಲೇ ಬಂದಿದ್ದಾಳೆ. ಅವತ್ತು ಅದು ಮೂಗು ದಾಟಿ ನೆತ್ತಿಗೇರಿತ್ತು. ಚಪ್ಪಲಿ ಹುಡುಕುವಷ್ಟು ತಾಳ್ಮೆಯೂ ಇರಲಿಲ್ಲ, ಬೇರೆ ಯಾರದ್ದೋ ಮೆಟ್ಟಿಕೊಂಡು ಮನೆಗೆ ಬಂದೆ.

ನಾನು ಕೊಟ್ಟೂರಿನವನು, ದೊಡ್ಡಾಟಕ್ಕೆ ಹಾರ್ಮೋನಿಯಂ ನುಡಿಸುವವನು. ನಮ್ಮ ಕಡೆ ಅದಕ್ಕೆ ಪೆಟ್ಟಿಗೆ ಎನ್ನುತ್ತಾರೆ, ನನಗೆ ಪೆಟ್ಟಿಗೆ ಮಾಸ್ತರ ಎನ್ನುತ್ತಾರೆ. ಸುಗ್ಗಿ ಮುಗಿದ ಮೇಲೆ ಕೂಡ್ಲಿಗಿ, ಹಡಗಲಿ ಕಡೆಯ ಹಳ್ಳಿಗಳಿಗೆ ಹೋಗಿ ತಿಂಗಳುಗಟ್ಟಲೆ ಇದ್ದು ಆಟ ಕಲಿಸುವುದು, ಪದ ಹೇಳಿಕೊಡುವುದು, ಆಮೇಲೆ ಆಟದ ದಿನ ಅಟ್ಟದ, ಅಂದರೆ ರಂಗದ, ಬಲಗಡೆ ಪೆಟ್ಟಿಗೆ ಇಟ್ಟುಕೊಂಡು ಕೂರುವುದು. ನನ್ನಪ್ಪನೂ ಅದನ್ನೇ ಮಾಡಿದ. ನನ್ನ ಪೆಟ್ಟಿಗೆ ಅಪ್ಪನದ್ದೇ. ಅದರ ಮೇಲುಹಲಗೆಯಲ್ಲಿ ಅಪ್ಪನ ಎಡಗೈ ಹೆಬ್ಬೆರಳು ತಾಗಿ ತಾಗಿ ಸವೆದ ಗುಳಿಯಿದೆ. ಈಗ ಅಲ್ಲಿ ನನ್ನ ಹೆಬ್ಬೆರಳು ಕೂರುತ್ತದೆ.

ಮೇಡಂ ಹರಪನಹಳ್ಳಿಯ ಕಾಲೇಜಿನಲ್ಲಿ ಪಾಠ ಹೇಳುವವರು. ದೊಡ್ಡಾಟದ ಬಗ್ಗೆ ನಾಲ್ಕು ವರ್ಷ ಹಳ್ಳಿ ಹಳ್ಳಿ ಸುತ್ತಿದವರು, ಒಳ್ಳೆಯ ಹೆಣ್ಣುಮಗಳು. ಸಿಟ್ಟಿನಲ್ಲಿ ಹೇಳುವಾಗಲೂ ಇದನ್ನು ನಾನು ಮರೆಯಬಾರದು. ಅವರಿಗೊಂದು ಆಸೆ. ಮೈಕಿಲ್ಲದೆ, ಕೀಬೋರ್ಡಿಲ್ಲದೆ, ನೂರು ವರ್ಷದ ಹಿಂದೆ ಆಡುತ್ತಿದ್ದ ಹಾಗೆ ಒಂದು ಆಟ ಆಡಿಸಿ ವಿಡಿಯೋ ಮಾಡಬೇಕು ಎಂದು. ನಾವೆಲ್ಲ ಹೂಂ ಅಂದೆವು. ಕೀಬೋರ್ಡು ಹೋಗಲಿ ಪೀಡೆ ಎಂದು ನನಗಂತೂ ಒಳಗೊಳಗೇ ಖುಷಿ. ಆಮೇಲಲ್ಲವೇ ಗೊತ್ತಾದದ್ದು, ಪೀಡೆಯ ಪಟ್ಟಿಯಲ್ಲಿ ನನ್ನ ಪೆಟ್ಟಿಗೆಯೂ ಇದೆ ಎಂದು.

ಅದಕ್ಕೆ ಮೊದಲು ಅವರು ನಮ್ಮನ್ನೆಲ್ಲ ಕೂರಿಸಿಕೊಂಡು ಲ್ಯಾಪ್‌ಟಾಪಿನಲ್ಲಿ ಒಂದು ಆಟ ತೋರಿಸಿದರು. ಹೊರದೇಶದ್ದು. ಒಪೆರಾ ಅಂತೆ, ಅದರಲ್ಲೂ ಬರೋಕ್ ಕಾಲದ್ದು, ಮುನ್ನೂರು ವರ್ಷದ ಹಳೆಯದು. ಅದನ್ನು ಈಗಿನವರು ಆಗಿನ ವಾದ್ಯಗಳನ್ನೇ ಹುಡುಕಿ, ಇಲ್ಲದ್ದನ್ನು ಹಾಗೇ ಮಾಡಿಸಿ, ಮೇಣದಬತ್ತಿ ಬೆಳಕಿನಲ್ಲಿ ಆಡುತ್ತಾರಂತೆ. ಮೊದಲು ನಾವು ಮುಸಿಮುಸಿ ನಕ್ಕೆವು. ಐದು ನಿಮಿಷದಲ್ಲಿ ನಗು ನಿಂತಿತು. ಏಕೆಂದರೆ ಅದು ನಮ್ಮ ಆಟವೇ! ತಲೆಯ ಮೇಲೆ ಮೊಳದುದ್ದ ಗರಿಯ ಕಿರೀಟ ಇಟ್ಟ ರಾಜ ಬಂದ. ಎದೆ ಸೆಟೆಸಿ ನಿಂತು, ಕೈಯನ್ನು ಹೀಗೆ ಚಾಚಿ, ತಾನು ಯಾರು, ತನ್ನ ಶೌರ್ಯವೇನು ಎಂದು ಹಾಡಿದ. ಹೇಳಿದ ಸಾಲನ್ನೇ ನಾಲ್ಕು ಸಲ ಹೇಳಿದ. ಮೇಲಿಂದ ಹಗ್ಗ ಕಟ್ಟಿದ ಮೋಡದಲ್ಲಿ ಕೂತು ದೇವರೊಬ್ಬ ಇಳಿದ, ಹಗ್ಗ ಕಾಣುತ್ತಿತ್ತು.

"ಅವುನೌನ, ನಮ್ಮ ಅಟ್ಟದಾಗ ರಾಟಿ ಕಟ್ಟಿ ಇಳಸ್ತಿದ್ವಲ್ಲ, ಹಂಗ ಐತಿ ನೋಡ್ರಲೇ," ಎಂದ ನಮ್ಮ ರಾಜ. ಅವನು ಕೂಡ್ಲಿಗಿಯಲ್ಲಿ ಕರೆಂಟು ಕಂಬ ಹತ್ತುವ ಲೈನ್‌ಮನ್. ಆಟದಲ್ಲಿ ಮೂವತ್ತು ವರ್ಷದಿಂದ ರಾಜ.

ಆಮೇಲೆ ಆರಡಿ ಎತ್ತರದ ಗಂಡಸೊಬ್ಬ ಬಂದು ಹೆಣ್ಣಿನ ದನಿಯಲ್ಲಿ ಹಾಡಿದ. ಮೇಲಿನ ಸ್ಥಾಯಿ, ಕನ್ನಡಿಯ ಹಾಗೆ ಸ್ವಚ್ಛ. ನಮ್ಮ ರಾಣಿ ಪಾತ್ರದವನು ಎದ್ದು ನಿಂತುಬಿಟ್ಟ. ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನ ಹತ್ತಿರ ಅವನದ್ದೊಂದು ಮಿರ್ಚಿ ಬಂಡಿಯಿದೆ. ಮೀಸೆ ಬೋಳಿಸಿಕೊಳ್ಳುವುದಕ್ಕೆ, ಗಂಡಾಗಿ ಹೆಣ್ಣಿನ ದನಿ ತೆಗೆಯುವುದಕ್ಕೆ ಜೀವಮಾನವೆಲ್ಲ ಗೇಲಿ ಉಂಡವನು.

"ನೋಡ್ರಲೇ ನೋಡ್ರಿ! ಅಲ್ಲಿ ಚಪ್ಪಾಳಿ ಹೊಡ್ಯಾಕತ್ಯಾರ. ನೀವು ನನಗ ಏನಂತಿದ್ರಿ?" ಎಂದು ಎಲ್ಲರ ಮುಖ ನೋಡಿದ. ಅವನ ಕಣ್ಣು ತುಂಬಿತ್ತು. ಯಾರೂ ಗೇಲಿ ಮಾಡಲಿಲ್ಲ.

ಪಿಟೀಲುಗಳಿಗೆ ಕುರಿಯ ಕರುಳಿನ ತಂತಿ ಹಾಕುತ್ತಾರಂತೆ. ಶ್ರುತಿ ಈಗಿನದಕ್ಕಿಂತ ಅರ್ಧ ಸ್ವರ ಕೆಳಗಂತೆ; ಅದಕ್ಕೆ ಹೊಂದುವ ಹಾಗೆ ಎಲ್ಲ ವಾದ್ಯಗಳನ್ನೂ ಬೇರೆಯೇ ಮಾಡಿಸಿದ್ದಾರಂತೆ. ನಾನು ನೋಡುತ್ತಿದ್ದದ್ದು ಇನ್ನೊಂದನ್ನು. ನಡುವೆ ಒಬ್ಬ ಕೂತಿದ್ದ, ಅವನ ಮುಂದೆ ಉದ್ದನೆಯ ಪೆಟ್ಟಿಗೆ, ಬೆರಳಿಂದ ಒತ್ತುವ ಬಿಳಿ ಮನೆ, ಕರಿ ಮನೆ ಎಲ್ಲ ಇದ್ದವು. ಎಲ್ಲರೂ ಅವನ ಕಡೆ ನೋಡಿಕೊಂಡೇ ನುಡಿಸುತ್ತಿದ್ದರು.

"ಇವರದಾಗೂ ಪೆಟ್ಟಿಗಿ ಐತಲ್ಲರಿ ಮೇಡಂ," ಎಂದೆ, ಗೆದ್ದವನ ಹಾಗೆ.

ಮೇಡಂ ಮುಖ ಸಣ್ಣಗೆ ಮಾಡಿಕೊಂಡು, "ಮಾಸ್ತರೇ, ಅದು ಆ ಕಾಲದ್ದೇ ಪೆಟ್ಟಿಗೆ. ತಂತಿ ಮೀಟೋದು. ನಮ್ಮ ಹಾರ್ಮೋನಿಯಂ ದೊಡ್ಡಾಟಕ್ಕೆ ಆಮೇಲೆ ಬಂದದ್ದಲ್ವಾ? ಮೊದಲು ಮುಖವೀಣೆ ಇತ್ತು. ಈ ಆಟಕ್ಕೆ ಮಾತ್ರ ಮದ್ದಳೆ, ತಾಳ, ಮುಖವೀಣೆ ಇಷ್ಟೇ ಇರಲಿ ಅಂತ. ನೀವು ಪದ ಕಲಿಸಿ. ಅಟ್ಟದ ಮೇಲೆ ಮಾತ್ರ..." ಎಂದು ನಿಲ್ಲಿಸಿದರು.

ಮಾತು ಮುಗಿಸುವುದಕ್ಕೆ ಅವರಿಗೂ ಕಷ್ಟವಾಯಿತು. ನನಗೆ ಅದು ಆಗ ಕಾಣಲಿಲ್ಲ. ತಟ್ಟೆ ಇಟ್ಟು ಎದ್ದೆ.

ಮನೆಯಲ್ಲಿ ಹೆಂಡತಿ ನನ್ನ ಕಾಲು ನೋಡಿ, "ಯಾರ ಚಪ್ಲಿ ಅವು?" ಎಂದಳು. ಎಲ್ಲ ಹೇಳಿದೆ. ಅವಳು ಮೊರ ಕೆಳಗಿಟ್ಟು, "ಅಲ್ಲರಿ, ಮೂವತ್ತೈದು ವರ್ಷ ಕುಂತೀರಿ. ಒಂದ್ ಆಟ ಕೆಳಗ ಕುಂತು ನೋಡಿದ್ರ ಏನ್ ಗಂಟು ಹೋಗತೈತಿ?" ಎಂದಳು.

"ನಿನಗೇನು ತಿಳಿತೈತಿ!" ಎಂದೆ. ಅವಳಿಗೆ ತಿಳಿಯುತ್ತದೆ. ನನಗೇ ಹೇಳಲು ಬರುತ್ತಿರಲಿಲ್ಲ. ಅಟ್ಟದ ಬಲಗಡೆಯ ಆ ಎರಡು ಮೊಳ ಜಾಗ ಬಿಟ್ಟರೆ ನಾನು ಬೇರೆಲ್ಲೂ ಯಾರೂ ಅಲ್ಲ. ಹೊಲ ಅಣ್ಣ ತಮ್ಮಂದಿರು ನೋಡಿಕೊಳ್ಳುತ್ತಾರೆ, ಮನೆ ಇವಳು ನೋಡಿಕೊಳ್ಳುತ್ತಾಳೆ. ಒಂದು ಸಲ ಪೆಟ್ಟಿಗೆಯಿಲ್ಲದೆ ಆಟ ಚೆನ್ನಾಗಿ ಆಗಿಬಿಟ್ಟರೆ ಇನ್ನು ಯಾರಾದರೂ ನನ್ನನ್ನು ಕರೆಯುತ್ತಾರೆಯೇ? ಅದೇ ಹೆದರಿಕೆ.

ಮಾರನೆಯ ದಿನ ಮೇಡಂ ಫೋನು ಮಾಡಿ, ಮುಖವೀಣೆ ಊದುವವರು ಈಗ ಯಾರಿದ್ದಾರೆ ಎಂದು ಕೇಳಿದರು. ನನಗೆ ಗೊತ್ತಿದ್ದದ್ದು ಒಬ್ಬರೇ. ಹಂಪಸಾಗರದ ಹತ್ತಿರದ ಹಳ್ಳಿಯ ಅಜ್ಜ. "ನಾನ ಹೋಗಿ ಕರಕೊಂಡು ಬರ್ತೀನಿ ಬಿಡ್ರಿ," ಎಂದೆ. ಮೇಡಂ ಎಷ್ಟು ಸಂತೋಷಪಟ್ಟರೆಂದರೆ ನನಗೆ ನಾಚಿಕೆಯಾಯಿತು. ಏಕೆಂದರೆ ನನ್ನ ಲೆಕ್ಕಾಚಾರ ಬೇರೆ ಇತ್ತು. ಅಜ್ಜನಿಗೆ ಎಪ್ಪತ್ತೈದು ದಾಟಿರಬೇಕು, ಹಲ್ಲು ಇರುವುದಿಲ್ಲ, ಹಲ್ಲಿಲ್ಲದೆ ಮುಖವೀಣೆಯ ಬಾಯಿಗೆ ಸಿಕ್ಕಿಸುವ ಪೀಪಿ ತುಟಿಯಲ್ಲಿ ನಿಲ್ಲುವುದಿಲ್ಲ. ಇಲ್ಲವೇ ಹಳೆಯದನ್ನು ನೆನೆದು ನನ್ನನ್ನು ಅಂಗಳದಿಂದಲೇ ಅಟ್ಟುತ್ತಾನೆ. ಎರಡರಲ್ಲಿ ಯಾವುದೇ ಆದರೂ ನನ್ನ ಪೆಟ್ಟಿಗೆ ಉಳಿಯುತ್ತದೆ.

ಹಳೆಯದು ಏನೆಂದು ಹೇಳಬೇಕು. ನಮ್ಮ ಮನೆಯಲ್ಲಿ ಅದೊಂದು ನಗೆಯ ಕಥೆ. ಅಪ್ಪ ಮೊದಲ ಸಲ ಪೆಟ್ಟಿಗೆಯನ್ನು ಅಟ್ಟಕ್ಕೆ ತಂದಾಗ ಮುಖವೀಣೆಯ ಶ್ರುತಿ ಅದಕ್ಕೆ ಕೂಡಲಿಲ್ಲ. ಆಗ ಊದುತ್ತಿದ್ದವನು ಇದೇ ಅಜ್ಜ, ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ. ಅಪ್ಪ, "ತಾ ಇಲ್ಲಿ, ನಾ ಕೂಡಸ್ತೀನಿ," ಎಂದು ಮುಖವೀಣೆ ಇಸಿದುಕೊಂಡು, ಕಬ್ಬಿಣದ ಸಲಾಕೆ ಕೆಂಪಗೆ ಕಾಯಿಸಿ ಅದರ ತೂತುಗಳನ್ನು ದೊಡ್ಡದು ಮಾಡಿದ. ಒಂದು ಸ್ವರ ಕೂಡಿತು, ಉಳಿದವು ಕೆಟ್ಟು ಕೂತವು. ಆಮೇಲೆ ಊದಿದರೆ ಎಮ್ಮೆಯ ಕರು ಕೂಗಿದ ಹಾಗೆ ಕೇಳಿಸಿತಂತೆ. "ಹಂಗಾದ್ರ ನೀ ಕೆಳಗ ಇಳಿಯಪ," ಎಂದನಂತೆ ಅಪ್ಪ. ಇಳಿದನಂತೆ. ಅಪ್ಪ ಎಮ್ಮೆಯ ಕರುವಿನ ಕೂಗನ್ನು ಅಣಕಿಸಿ ತೋರಿಸುತ್ತಿದ್ದ. ಹಬ್ಬಕ್ಕೆ ಬಂದ ಬೀಗರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಹೋಗಿ ನೋಡಿದರೆ ಅಜ್ಜನ ಬಾಯಲ್ಲಿ ಪೂರ್ತಿ ಹಲ್ಲಿತ್ತು! ಎಲ್ಲ ಕಟ್ಟಿಸಿದವು. "ಮಗಳು ಹರಪನಹಳ್ಳಿಗೆ ಕರಕೊಂಡು ಹೋಗಿ ಹಾಕಿಸ್ಯಾಳ. ಉಣ್ಣಾಕ ಬರಂಗಿಲ್ಲ, ಊದಾಕ ಭೇಷ್ ಅದಾವ," ಎಂದು ನಕ್ಕರು. ನನ್ನನ್ನು ಅಂಗಳದಿಂದ ಅಟ್ಟಲಿಲ್ಲ, ಮಂಚದ ಮೇಲೆ ಕೂರಿಸಿದರು. ತಾವು ಕಟ್ಟೆಯ ಮೇಲೆ ಕೂತರು. ನಾನು ಬಂದ ವಿಷಯ ಹೇಳಿದೆ. ಅವರು ಎದ್ದರು. ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿದ ಮುಖವೀಣೆ ತಂದರು. ಮೊಳಕ್ಕಿಂತ ಚಿಕ್ಕದು, ಕರಿ ಮರದ್ದು. ತಾಳೆಗರಿಯ ಪೀಪಿಯನ್ನು ಬಾಯಲ್ಲಿಟ್ಟು ನೆನೆಸಿ, ಸಿಕ್ಕಿಸಿ, ಊದಿದರು.

ನಾನು ಸುಳ್ಳು ಹೇಳುವುದಿಲ್ಲ. ಮೈಮೇಲಿನ ಕೂದಲು ನಿಂತವು. ಅಷ್ಟು ಸಣ್ಣ ಕೊಳವೆಯಿಂದ ಬಂದ ದನಿಗೆ ಹಿಂದಿನ ಓಣಿಯ ನಾಯಿ ಕೂಡ ಎದ್ದು ಬಂತು. ಪೆಟ್ಟಿಗೆಯಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹಾರಬೇಕು. ಇದು ಜಾರುತ್ತಾ, ಅಳುತ್ತಾ ಹೋಗುತ್ತಿತ್ತು. ಅದರ ಷಡ್ಜವನ್ನು ನನ್ನ ಕಿವಿ ಹುಡುಕಿತು. ಬಿಳಿ ಐದಕ್ಕಿಂತ ಮೇಲೆ, ಕರಿ ನಾಲ್ಕಕ್ಕಿಂತ ಕೆಳಗೆ. ಎರಡು ಮನೆಗಳ ನಡುವಿನ ಸಂದಿಯಲ್ಲಿ. ನನ್ನ ಪೆಟ್ಟಿಗೆಯಲ್ಲಿ ಆ ಸ್ವರವೇ ಇಲ್ಲ.

ಊದಿ ಮುಗಿಸಿ ಅವರು ಕೇಳಿದ ಮೊದಲ ಮಾತು, "ಪೆಟ್ಟಿಗಿ ಇರತೈತೇನ್ರಿ ಆಟದಾಗ?"

"ಇಲ್ಲರಿ. ನಿಮ್ಮದ ಇರತೈತಿ."

"ಹಂಗಾದ್ರ ನೀವು?"

"ನಾನು ಕೆಳಗ."

ಅವರು ನನ್ನ ಕೈಗಳನ್ನು ನೋಡಿದರು. "ಕಷ್ಟ ಐತ್ರಿ ಮಾಸ್ತರ್ರ," ಎಂದರು. "ಕೆಳಗ ಇಳಿಯೋದೇನು ದೊಡ್ಡದಲ್ಲ. ಇಳಿದ ಮ್ಯಾಲ ಕೈ ಎಲ್ಲಿ ಇಟ್ಕೊಬೇಕು ಅನ್ನೋದ ತಿಳಿಯಂಗಿಲ್ಲ."

ಚುಚ್ಚಿ ಹೇಳಿದ್ದರೆ ನಾನೂ ತಿರುಗಿ ಅನ್ನುತ್ತಿದ್ದೆ. ಅವರು ಮರುಗಿ ಹೇಳಿದ್ದರು, ಅದೂ ನನಗಾಗಿ. ತಲೆಯೆತ್ತಿದರೆ ಗೋಡೆಯ ಮೊಳೆಯಲ್ಲಿ ಇನ್ನೊಂದು ಮುಖವೀಣೆ ತೂಗುತ್ತಿತ್ತು. ತೂತುಗಳ ಸುತ್ತ ಸುಟ್ಟ ಕಲೆ. ನಾನು ಅದನ್ನು ನೋಡಿದ್ದು ಅವರಿಗೂ ಕಂಡಿತು. ನಮ್ಮ ಮನೆಯ ನಗೆಯ ಕಥೆ ಈ ಮನೆಯಲ್ಲಿ ಐವತ್ತು ವರ್ಷದಿಂದ ಮೊಳೆಗೆ ತೂಗುತ್ತಿತ್ತು.

ತಾಲೀಮು ಭಾನುವಾರಗಳಂದು ನಮ್ಮ ಪಡಸಾಲೆಯಲ್ಲಿ ಶುರುವಾಯಿತು. ಶುರುವಾದದ್ದೇ ತಡ, ಗೊತ್ತಾಯಿತು ತಾಪತ್ರಯ. ಅಜ್ಜ ಊದುವಾಗ ಎಲ್ಲರೂ ಅವರ ಹಿಂದೆ ಸರಿಯಾಗಿ ಹೋಗುತ್ತಾರೆ. ಮುಖವೀಣೆ ನಿಂತು ಪದ ಒಂದೇ ಉಳಿದ ಕೂಡಲೇ ರಾಜನೂ ರಾಣಿಯೂ ಮೆಲ್ಲಗೆ ಮೇಲೇರಿ ಕರಿ ನಾಲ್ಕಕ್ಕೆ ಹೋಗಿ ಕೂರುತ್ತಾರೆ. ಮೂವತ್ತು ವರ್ಷ ನನ್ನ ಪೆಟ್ಟಿಗೆ ತಿದ್ದಿದ ಗಂಟಲು, ಮತ್ತೆಲ್ಲಿ ಹೋಗುತ್ತದೆ? ಮುಖವೀಣೆ ತಿರುಗಿ ಸೇರಿದಾಗ ಎರಡೂ ಬಡಿದಾಡುತ್ತವೆ, ಕೇಳುವವರ ಹಲ್ಲು ಜುಮ್ಮೆನ್ನುತ್ತದೆ. ಅಜ್ಜ ವಾರಕ್ಕೊಮ್ಮೆ ಬರುವುದೇ ಹೆಚ್ಚು, ಬಂದರೂ ಒಂದು ತಾಸಿನ ಮೇಲೆ ಊದಿದರೆ ಎದೆ ಹಿಡಿದುಕೊಳ್ಳುತ್ತಾರೆ. ಉಳಿದ ದಿನ ಇವರನ್ನು ಆ ಶ್ರುತಿಯಲ್ಲಿ ನಿಲ್ಲಿಸುವವರು ಯಾರು?

"ಮಾಸ್ತರ್ರ, ನಾ ಎಲ್ಲಿ ನಿಂದರಬೇಕು ಅನ್ನೋದ ತಿಳಿವಲ್ತು," ಎಂದು ರಾಣಿ ಅಳುಮುಖ ಮಾಡಿದ. "ಹೊಸಲಿ ಮ್ಯಾಲ ನಿಂತಂಗಾಗೇತಿ. ಒಳಗೂ ಇಲ್ಲ, ಹೊರಗೂ ಇಲ್ಲ."

ಮೇಡಂ ತಲೆ ತಗ್ಗಿಸಿ, "ಹಾಗಾದ್ರೆ ಬಿಡೋಣ ಮಾಸ್ತರೇ. ಪೆಟ್ಟಿಗೆ ಇಟ್ಟೇ ಆಡೋಣ. ಅಜ್ಜನಿಗೆ ನಾನು ಹೇಳ್ತೀನಿ," ಎಂದರು.

ನನಗೆ ಬೇಕಾಗಿದ್ದ ಮಾತು ಅದೇ. ತಾನಾಗಿಯೇ ಕೈಗೆ ಬಂದಿತ್ತು. ಹೂಂ ಎಂದರೆ ಮುಗಿಯಿತು. ಆದರೆ ಹೇಳುವುದು ಏನಂತ? ಐವತ್ತು ವರ್ಷದ ಮೇಲೆ ಅದೇ ಮನುಷ್ಯನಿಗೆ, ಅದೇ ಪೆಟ್ಟಿಗೆಗೋಸ್ಕರ, ಇನ್ನೊಮ್ಮೆ ಕೆಳಗಿಳಿ ಎಂದೇ? ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ, ಸ್ಕ್ರೂಡ್ರೈವರು, ಲೋಹ ಕೆರೆಯುವ ಸಣ್ಣ ಅರ ಜೋಳಿಗೆಗೆ ಹಾಕಿಕೊಂಡೆ.

ಅರ ನೋಡಿದ ಕೂಡಲೇ ಹೆಂಡತಿಗೆ ತಿಳಿದುಹೋಯಿತು. ಪೆಟ್ಟಿಗೆ ಮಾಸ್ತರನ ಹೆಂಡತಿ ಅವಳು. "ಏನ್ ಮಾಡಾಕ ಹೊಂಟೀರಿ? ಅದು ಮಾವನವರದು!" ಎಂದು ಬಾಗಿಲಿಗೆ ಅಡ್ಡ ನಿಂತಳು.

"ಗೊತ್ತೈತಿ. ಅದಕ್ಕ ಹೊಂಟೀನಿ."

"ಭಜನಿಗೆ ಏನ್ ನುಡಸ್ತೀರಿ? ಬ್ಯಾರೆ ಆಟಕ್ಕ? ಯಾವುದಕ್ಕೂ ಕೂಡಂಗಿಲ್ಲ ಆಮ್ಯಾಲ. ಹೊಟ್ಟಿಪಾಡು ಐತ್ರಿ ಅದು!"

ಅವಳು ಹೇಳಿದ್ದು ಅಕ್ಷರಶಃ ನಿಜ. ಪೆಟ್ಟಿಗೆಯೊಳಗೆ ಪ್ರತಿ ಮನೆಗೂ ಗಾಳಿಗೆ ಅದುರುವ ಒಂದು ಹಿತ್ತಾಳೆಯ ರೀಡಿದೆ. ಅದರ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಅಜ್ಜನ ಷಡ್ಜಕ್ಕೆ ಕೂಡಿಸಬೇಕೆಂದರೆ ಒಂದೇ ರೀಡು ಇಳಿಸಿದರೆ ಸಾಲದು, ಎಲ್ಲವನ್ನೂ ಅಷ್ಟಷ್ಟೇ ಇಳಿಸಬೇಕು. ಒಮ್ಮೆ ಇಳಿಸಿದ ಹಳೆಯ ಹಿತ್ತಾಳೆಯನ್ನು ತಿರುಗಿ ಏರಿಸಲು ಹೋದರೆ ತೆಳುವಾಗಿ ಮುರಿಯುತ್ತದೆ. ಅಂದರೆ ಆ ಪೆಟ್ಟಿಗೆ ಆಮೇಲೆ ನಮ್ಮ ಸುತ್ತಿನ ಐದೂ ತಾಲೂಕಿನಲ್ಲಿ ಅಜ್ಜನ ಮುಖವೀಣೆಯೊಂದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಕೂಡುವುದಿಲ್ಲ.

ಹೆಂಡತಿ ಬಾಗಿಲು ಬಿಟ್ಟಳು. ಹೋಗುವಾಗ ರೊಟ್ಟಿ ಬುತ್ತಿ ಕೈಗಿತ್ತು, "ಕೈ ನಡುಗಿಸಬ್ಯಾಡ್ರಿ ಮತ್ತ. ಮಾಡೋದು ಮಾಡ್ತೀರಿ, ನೆಟ್ಟಗ ಮಾಡ್ರಿ," ಎಂದಳು.

ಅಜ್ಜನ ಅಂಗಳದಲ್ಲಿ ಎರಡು ಹಗಲು ಕೂತೆ. ಅವರು ಒಂದೊಂದು ಸ್ವರ ಊದುವುದು, ನಾನು ರೀಡಿನ ಬುಡ ಕೆರೆಯುವುದು, ಒತ್ತಿ ನೋಡುವುದು, ಮತ್ತೆ ಕೆರೆಯುವುದು. ನಾನು ಅರ ತೆಗೆದಾಗ ಅವರು, "ಬ್ಯಾಡ್ರಿ ಮಾಸ್ತರ್ರ, ವಾದ್ಯಕ್ಕ ಕಬ್ಬಿಣ ತಾಗಸಬಾರದು," ಎಂದು ನನ್ನ ಮಣಿಕಟ್ಟು ಹಿಡಿದುಕೊಂಡರು. ಹಿಡಿತ ಗಟ್ಟಿಯಾಗಿತ್ತು.

"ಒಮ್ಮಿ ತಾಗೇತಲ್ಲ ಅಣ್ಣಾ, ನಮ್ಮಪ್ಪನ ಕೈಯಿಂದ," ಎಂದೆ. "ತಪ್ಪಾಗೇತಿ. ಆತಂತೂ ಹೇಳಲಿಲ್ಲ. ನಾ ಹೇಳಾಕತ್ತೀನಿ."

ನಮ್ಮ ಮನೆಯವರು ಅವರನ್ನು ಅಣ್ಣಾ ಎಂದದ್ದು ಅದೇ ಮೊದಲು. ಅಪ್ಪ "ಲೇ" ಎನ್ನುತ್ತಿದ್ದ. ಅವರು ಕೈ ಬಿಟ್ಟರು. ಮೇಲುಹೊದಿಕೆಯ ಚುಂಗಿನಿಂದ ಮುಖ ಒರೆಸಿಕೊಂಡು, "ಹೂಂ, ಊದ್ತೀನಿ ತಗೋರಿ," ಎಂದರು. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಕೊನೆಯ ರೀಡು ಕೂಡಿತು. ಅವರ ಷಡ್ಜ, ನನ್ನ ಷಡ್ಜ ಒಂದರೊಳಗೊಂದು ಹೋಗಿ ಯಾವುದು ಯಾವುದೆಂದು ತಿಳಿಯಲಿಲ್ಲ. ಅಜ್ಜನ ಮಗಳು ಒಳಗಿಂದ ಹಿಟ್ಟಿನ ಕೈಯಲ್ಲೇ ಬಂದು ನಿಂತು ಕೇಳಿದಳು.

ಅಲ್ಲಿಂದ ಒಂದೂವರೆ ತಿಂಗಳು ನನ್ನ ಪೆಟ್ಟಿಗೆ ಮುಖವೀಣೆಯ ಕೆಲಸ ಮಾಡಿತು. ದಿನಾ ಸಂಜೆ ರಾಜ, ರಾಣಿ ಇಬ್ಬರನ್ನೂ ಆ ಸಂದಿಯ ಸ್ವರದಲ್ಲಿ ನಿಲ್ಲಿಸಿ ನಿಲ್ಲಿಸಿ ಗಂಟಲು ತಿದ್ದಿದೆ. ಬೈದೆ, ರಾಣಿಯ ಕಡೆ ಒಂದು ಸಲ ತಾಳವನ್ನೇ ಎಸೆದೆ, ಆಮೇಲೆ ನಾನೇ ಹೋಗಿ ಅವನ ಬಂಡಿಯಲ್ಲಿ ಮಿರ್ಚಿ ತಿಂದು ರಾಜಿಯಾದೆ. ಸೋಮವಾರದ ಭಜನೆಯವರು ಎರಡು ವಾರ ನನ್ನ ಪೆಟ್ಟಿಗೆಯ ಜೊತೆ ಒದ್ದಾಡಿ, ಮೂರನೆಯ ವಾರ ಬೇರೆಯವನನ್ನು ಕರೆದರು. "ಮಾಸ್ತರ್ರ ಪೆಟ್ಟಿಗಿಗೆ ಥಂಡಿ ಆಗೇತಿ," ಎಂದು ಓಣಿಯಲ್ಲಿ ನಗೆಯಾಡಿದರು. ಉರಿಯಿತು ನನಗೆ, ಸುಳ್ಳೇಕೆ ಹೇಳಲಿ. ಭಜನೆಯ ಕಟ್ಟೆಯ ಮುಂದೆ ಹಾದುಹೋಗುವಾಗ ಹಾಡು ಕೇಳಿದರೆ ಕಾಲು ಬಿರುಸಾಗುತ್ತಿದ್ದವು.

ಆಟ ಹರಪನಹಳ್ಳಿಯ ಕಾಲೇಜಿನ ಬಯಲಿನಲ್ಲಿ, ಮಧ್ಯಾಹ್ನ ಮೂರಕ್ಕೆ. ಇರುಳೆಲ್ಲ ಆಡುವ ಆಟವನ್ನು ಬಿಸಿಲಲ್ಲಿ ಆಡುವುದೇ ಎಂದರೆ, ವಿಡಿಯೋಗೆ ಬೆಳಕು ಬೇಕು ಎಂದರು ಮೇಡಂ. ಆದರೂ ಪಂಜು ಇರಲೇಬೇಕಂತೆ! ಹಾಡುಹಗಲಿನಲ್ಲಿ ಎರಡು ಪಂಜು ಹೊತ್ತಿಸಿ ಹಿಡಿದರು. ಲೈನ್‌ಮನ್ ರಾಜ ಅರದಾಳ ಬಳಿದ ಹಳದಿ ಮುಖದಲ್ಲಿ, "ಕರೆಂಟ್ ಐತಿ, ಸೂರ್ಯ ಅದಾನ, ಮ್ಯಾಲ ಪಂಜು ಬ್ಯಾರೆ," ಎಂದು ಗೊಣಗಿದ.

ಆಟಕ್ಕೆ ಮೊದಲು ವಾದ್ಯಗಳನ್ನೆಲ್ಲ ಗಣಪತಿಯ ಮುಂದಿಟ್ಟು ಕಾಯಿ ಒಡೆಯುವುದು ಪದ್ಧತಿ. ಮದ್ದಳೆ, ತಾಳ, ಮುಖವೀಣೆ ಇಟ್ಟರು. ನಾನು ಕೆಳಗೆ, ಮೊದಲ ಸಾಲಿನ ಕುರ್ಚಿಯಲ್ಲಿ ಕೂತಿದ್ದೆ. ಪೆಟ್ಟಿಗೆ ಮೇಕಪ್ಪಿನ ಕೋಣೆಯಲ್ಲಿತ್ತು. ಕೈಗಳನ್ನು ತೊಡೆಯ ಮೇಲಿಟ್ಟೆ, ಎದೆಗೆ ಕಟ್ಟಿದೆ, ಮತ್ತೆ ತೊಡೆಗಿಟ್ಟೆ. ಅಜ್ಜ ಹೇಳಿದ್ದು ಸರಿಯಿತ್ತು.

ಮೇಡಂ ಅಜ್ಜನಿಗೆ ಜಾಗ ತೋರಿಸಿದರು. "ಅಜ್ಜಾ, ಮುಖವೀಣೆಯವರು ಅಟ್ಟದ ಹಿಂಬದಿ ನಿಂತು ಊದ್ತಿದ್ರಲ್ವಾ? ಹಾಗೇ ನಿಲ್ಲಬೇಕು. ಆಗುತ್ತಾ?" ಎಂದು ಕೇಳಿದರು. ಕೆಟ್ಟ ಮನಸ್ಸಿನಿಂದಲ್ಲ. ಅವರ ಪಟ್ಟಿಯಲ್ಲಿ ಹಾಗೆ ಬರೆದಿತ್ತು. ಅಜ್ಜನ ಮನೆತನದವರು ಎಲ್ಲರ ಸಮ ಜಮಖಾನದ ಮೇಲೆ ಕೂರುವ ಹಾಗಿರಲಿಲ್ಲ, ಅದಕ್ಕೆ ನಿಲ್ಲುತ್ತಿದ್ದರು ಎಂಬುದು ಪಟ್ಟಿಯಲ್ಲಿ ಇರಲಿಲ್ಲ.

ಅಜ್ಜ ಗಣಪತಿಯ ಮುಂದಿನಿಂದ ಮುಖವೀಣೆ ಎತ್ತಿಕೊಳ್ಳಲಿಲ್ಲ. "ಮಾಸ್ತರ್ರ ಪೆಟ್ಟಿಗಿ ಎಲ್ಲೈತ್ರಿ ತಾಯಿ?" ಎಂದರು.

"ಪೆಟ್ಟಿಗೆ ಇಲ್ಲದೇ ಅಲ್ವಾ ಅಜ್ಜ ನಾವು... ಹಳೆ ಪದ್ಧತಿ."

"ನಿಂದ್ರೋದೂ ಹಳೇ ಪದ್ಧತಿನ, ಇಳಿಯೋದೂ ಹಳೇ ಪದ್ಧತಿನರಿ," ಎಂದರು ಅಜ್ಜ. ದನಿ ಏರಿಸಲಿಲ್ಲ. "ನಾ ಎರಡೂ ಮಾಡೀನಿ. ಅವೆರಡು ಬಿಟ್ಟು ಉಳಿದದ್ದು ಆಡೋಣು. ಪೆಟ್ಟಿಗಿ ಗಣಪ್ಪನ ಮುಂದ ಬರ್ಲಿ, ಮಾಸ್ತರ ಮ್ಯಾಲ ಬರ್ಲಿ. ನುಡಸೋದು ಬ್ಯಾಡಂದ್ರ ನುಡಸಂಗಿಲ್ಲ. ಕುಂದರಲಿ."

ಮೇಡಂ ಕೆಂಪಗಾದರು. ಒಳಗೆ ಹೋಗಿ ಜಮಖಾನವನ್ನು ತಾವೇ ಹೊತ್ತು ತಂದು ಅಟ್ಟದ ಬಲಗಡೆ ಹಾಸಿದರು. ಆಮೇಲೆ ನನ್ನ ಹತ್ತಿರ ಬಂದು, "ಬನ್ನಿ ಮಾಸ್ತರೇ. ನುಡಿಸೋಲ್ಲ ಅಂತ ಮಾತು ಕೊಡಿ," ಎಂದರು. ಕೊಟ್ಟೆ. ಪೆಟ್ಟಿಗೆ ತಂದು ಗಣಪತಿಯ ಮುಂದಿಟ್ಟು, ಎತ್ತಿಕೊಂಡು ಅಟ್ಟ ಏರಿದೆ. ಅಜ್ಜ ಸರಿದು ಜಾಗ ಮಾಡಿ, ಕೂರು ಎಂದು ಅಂಗೈಯಿಂದ ಜಮಖಾನ ತಟ್ಟಿದರು.

ಆಟ ಏರುತ್ತಾ ಹೋಯಿತು. ಮೈಕಿಲ್ಲದ ಅಟ್ಟದಲ್ಲಿ ರಾಜ ಕುಣಿದ ಗೆಜ್ಜೆ ಬಯಲಿನ ಕೊನೆಯವರೆಗೆ ಕೇಳಿತು. ಶ್ರುತಿ ಕದಲಲಿಲ್ಲ. ನಾನು ಮುಚ್ಚಿದ ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ. ಕೊನೆಯಲ್ಲಿ ರಾಣಿಯ ಶೋಕದ ಪದ. ಗಂಡ ರಣದಲ್ಲಿ ಬಿದ್ದ ಸುದ್ದಿ ಕೇಳಿ ಅವಳು ಅಳುವುದು. ಮದ್ದಳೆ ನಿಲ್ಲುತ್ತದೆ, ರಾಣಿಯ ದನಿ, ಮುಖವೀಣೆ ಎರಡೇ.

ಎರಡನೆಯ ನುಡಿಯ ನಡುವೆ ಪೀಪಿ ಸೀಳಿತು. ಮುಖವೀಣೆ ಸುಸ್ ಎಂದು ನಿಂತಿತು. ಅಜ್ಜ ಹೊಸ ಪೀಪಿ ಬಾಯಿಗಿಟ್ಟು ನೆನೆಸತೊಡಗಿದರು, ಸಿಕ್ಕಿಸಲು ಹೋದರೆ ಜಾರುತ್ತಿತ್ತು. ರಾಣಿ ಒಂಟಿಯಾಗಿ ಹಾಡುತ್ತಿದ್ದ. ಒಂದು ಸಾಲು ನಿಂತ, ಎರಡು ಸಾಲು ನಿಂತ. ಮೂರನೆಯದರಲ್ಲಿ ದನಿ ಒಂದು ಕೂದಲೆಳೆ ಮೇಲೆದ್ದಿತು. ಹಳೆಯ ಕರಿ ನಾಲ್ಕು ಎಳೆಯುತ್ತಿತ್ತು ಅವನನ್ನು. ನನಗೆ ಕೇಳಿತು, ಅವನಿಗೂ ಕೇಳಿತು, ಕಣ್ಣು ಅಗಲವಾಯಿತು.

ಅಜ್ಜ ನನ್ನ ಕಡೆ ನೋಡಿದರು. ನಾನು ಮಾತು ಕೊಟ್ಟವನು. ಯಾವಾಗ ಮುಚ್ಚಳ ತೆಗೆದೆನೋ ನನಗೇ ಗೊತ್ತಿಲ್ಲ. ತಿದಿಯನ್ನು ಮೆಲ್ಲಗೆ ಒತ್ತಿ ಒಂದೇ ಒಂದು ಮನೆಯ ಮೇಲೆ ಬೆರಳಿಟ್ಟೆ. ರಾಣಿಯ ದನಿ ಇಳಿದು ಬಂದು ಅದರ ಮೇಲೆ ಕೂತಿತು. ಅಷ್ಟರಲ್ಲಿ ಮುಖವೀಣೆ ಸೇರಿತು. ನಾನು ಬೆರಳು ತೆಗೆದೆ. ಹೆಂಗಸರ ಸಾಲಿನಲ್ಲಿ ಒಬ್ಬಳು ಸೆರಗಿ‌ನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನೋಡಿದರೆ ನನ್ನ ಹೆಂಡತಿ.

ಹದಿನೈದು ದಿನದ ಮೇಲೆ ಮೇಡಂ ನಮ್ಮ ಮನೆಗೆ ವಿಡಿಯೋ ತಂದರು. ಅಜ್ಜನನ್ನೂ ಕರೆದಿದ್ದರು. ಶೋಕದ ಪದ ಬಂದಾಗ ನಿಲ್ಲಿಸಿ, "ಇಲ್ಲಿ ಪೆಟ್ಟಿಗೆ ಕೇಳುತ್ತೆ ಮಾಸ್ತರೇ. ಹಾರ್ಮೋನಿಯಂ ಬಳಸಿಲ್ಲ ಅಂತ ಮೊದಲೇ ಬರೆದಿದ್ದೀನಿ. ಕತ್ತರಿಸಿದ್ರೆ ಪದದ ನಡುವೆ ಒಂದು ತುಂಡು ಹೋಗುತ್ತೆ. ಏನು ಮಾಡಲಿ?" ಎಂದರು.

ಮಾತು ತಪ್ಪಿದವನು ನಾನು. "ಕತ್ತರಿಸಿಬಿಡ್ರಿ," ಎಂದೆ. ಆ ಒಂದು ಸ್ವರಕ್ಕೆ ಅಪ್ಪನ ಪೆಟ್ಟಿಗೆ ಹೋಗಿತ್ತು.

"ಇನ್ನೊಮ್ಮಿ ಹಾಕ್ರಿ," ಎಂದರು ಅಜ್ಜ. ಕಣ್ಣು ಮುಚ್ಚಿ ಕೇಳಿದರು. ರಾಣಿಯ ದನಿ ಏರಿತು, ಆ ಒಂದು ಸ್ವರ ಬಂತು, ದನಿ ಇಳಿದು ಕೂತಿತು. ಅವರು ಕಣ್ಣು ತೆಗೆದು ಮೇಡಂ ಕಡೆ ನೋಡಿದರು.

"ಕತ್ತರಸಬ್ಯಾಡ್ರಿ ತಾಯಿ. ಇದರಾಗ ಪೆಟ್ಟಿಗಿ ಎಲ್ಲೈತಿ? ಇದು ನಮ್ಮ ಮುಖವೀಣಿ."